ಎಷ್ಟು ಕೆವಿಎ ಬೂಸ್ಟರ್ ಬೇಕು ಅನ್ನುವ ಮೊದಲು ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ

ಸಂಜೆ 150 ವೋಲ್ಟ್ ಬರುತ್ತದೆ, ವೋಲ್ಟೇಜ್ ಏರಿಸಲು ಕೈಯಲ್ಲಿ ನಾಬ್ ತಿರುಗಿಸುವ ಬೂಸ್ಟರ್ ಕಟ್ಟಿಸಿದರೆ ಎಷ್ಟು ಕೆವಿಎ (ಅಂದರೆ ಎಷ್ಟು ಲೋಡ್ ತಡೆಯುವಂಥದ್ದು) ಬೇಕು ಅಂತ ಕೇಳಿದ್ದೀರಿ. ಕಟ್ಟಿಸಬೇಡಿ. ನಾನು ಕಟ್ಟಿಸಿದ್ದೆ.

ತಿಪಟೂರು ಕಡೆಯ ತೆಂಗಿನ ತೋಟದ ಊರು ನಮ್ಮದು. ಆಗ ಮನೆಗೂ ಪಂಪ್‌ಸೆಟ್ಟಿಗೂ ಒಂದೇ ಲೈನ್. ರಾತ್ರಿ ಸಿಂಗಲ್ ಫೇಸ್ ಕೊಟ್ಟರೆ ಕೆಪಾಸಿಟರ್ ಹಾಕಿ ಥ್ರೀ ಫೇಸ್ ಮೋಟರ್ ಓಡಿಸುತ್ತಿದ್ದರು. ನಾವೂ ಓಡಿಸುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ. ಅಷ್ಟು ಮೋಟರಿನ ಭಾರಕ್ಕೆ ವೋಲ್ಟೇಜ್ ಕುಸಿದು ಬಲ್ಬು ಹಣ್ಣು ಮೆಣಸಿನಕಾಯಿ ಥರ ಕೆಂಪಗೆ ಇರುತ್ತಿತ್ತು. ಫ್ರಿಜ್ ಗುಂಯ್ ಅಂದು, ಟಕ್ ಅಂತ ನಿಂತು, ಮತ್ತೆ ಗುಂಯ್ ಅನ್ನುತ್ತಿತ್ತು.

ಮೋಟರ್ ವೈಂಡಿಂಗ್ ಮಾಡುವವರೊಬ್ಬರು ಬೂಸ್ಟರ್ ಮಾಡಿಕೊಟ್ಟರು. ತಗಡಿನ ಡಬ್ಬಿ, ಐದು ಪಾಯಿಂಟಿನ ನಾಬ್. ಕೊನೇ ಪಾಯಿಂಟಿಗೆ ಹಾಕಿದರೆ 150 ಇದ್ದದ್ದು 210. ಊರಿಗೆಲ್ಲ ತೋರಿಸಿದೆ.

ಒಂದು ರಾತ್ರಿ ಮಳೆ ಬಂತು. ಕೊಡೆ ಹಿಡಿದು ತೋಟಕ್ಕೆ ಹೋಗಿ ಮೋಟರ್ ಆಫ್ ಮಾಡಿದೆ. ನಾನೊಬ್ಬನೇ ಅಲ್ಲ, ಊರಲ್ಲಿ ಎಲ್ಲರೂ ಆಫ್ ಮಾಡಿದರು. ಲೈನಿನ ಭಾರ ಇಳಿಯಿತು, ವೋಲ್ಟೇಜ್ 230ಕ್ಕೆ ಏರಿತು. ಒಳ್ಳೇದೇ ಅಲ್ವಾ? ಆದರೆ ನಾಬ್ ಕೊನೇ ಪಾಯಿಂಟಿನಲ್ಲೇ ಇತ್ತು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಆಗ ಗೊತ್ತಿರಲಿಲ್ಲ. ಬೂಸ್ಟರ್ '60 ವೋಲ್ಟ್ ಸೇರಿಸು' ಅಂತ ಕೆಲಸ ಮಾಡುವುದಿಲ್ಲ. ಒಳಗೆ ಬಂದದ್ದನ್ನು 1.4ರಿಂದ ಗುಣಿಸುತ್ತದೆ, ಅಷ್ಟೇ. 150 ಬಂದರೆ 210. 230 ಬಂದರೆ 322! ಮಳೆ ಬಂತೋ, ಮೋಟರ್ ನಿಂತಿತೋ, ಆ ಡಬ್ಬಿಗೆ ಏನು ಗೊತ್ತು? ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಟಿವಿ, ಫ್ರಿಜ್, ಮೂರು ಬಲ್ಬು ಹೋಗಿದ್ದವು. ಮೋಟರ್ ಉಳಿಸಲು ಓಡಿದವನು ನಾಬ್ ತಿರುಗಿಸಿ ಹೋಗಿದ್ದರೆ ಸಾಕಿತ್ತು.

ಇನ್ನೊಂದು ವಿಷಯ. ಬೂಸ್ಟರ್ ಕರೆಂಟ್ ಹುಟ್ಟಿಸುವುದಿಲ್ಲ, ಲೈನಿನಿಂದ ಜಾಸ್ತಿ ಆಂಪ್ಸ್ ಎಳೆಯುತ್ತದೆ. ನಿಮ್ಮ ಮನೆ ಬೆಳಗಿದಷ್ಟೂ ಪಕ್ಕದ ಮನೆ ಮಂಕು. ಆಮೇಲೆ ಅವರೂ ಒಂದು ತರುತ್ತಾರೆ.

ಮೊದಲು ಒಂದು ಮಲ್ಟಿಮೀಟರ್ ತನ್ನಿ. ಸಂಜೆ ಎಲ್ಲ ಆಫ್ ಮಾಡಿ ವೋಲ್ಟೇಜ್ ಅಳೆಯಿರಿ. ಜಾಸ್ತಿ ಕರೆಂಟ್ ಎಳೆಯುವ ಇಸ್ತ್ರಿಪೆಟ್ಟಿಗೆ ಹಾಕಿ ಮತ್ತೆ ಅಳೆಯಿರಿ. 15-20 ವೋಲ್ಟ್ ಕುಸಿದರೆ ಮೊದಲ ಅನುಮಾನ ಕಂಬದಿಂದ ನಿಮ್ಮ ಮನೆಗೆ ಬರುವ ಸರ್ವಿಸ್ ವೈರಿನ ಜಾಯಿಂಟ್ ಮೇಲೆ. ನಮ್ಮದು ಕೈಯಲ್ಲಿ ತಿರುಚಿದ ಅಲ್ಯೂಮಿನಿಯಂ, ಕಪ್ಪು ಹಿಡಿದಿತ್ತು. ಲೈನ್‌ಮನ್ ಬಂದು ಸರಿ ಮಾಡಿದ ಮೇಲೆ ಅರ್ಧ ತೊಂದರೆ ಹೋಯಿತು. ನೀವೇ ಕಂಬ ಹತ್ತಬೇಡಿ. ನ್ಯೂಟ್ರಲ್ ವೈರಿನ ಬದಲು ಅರ್ಥಿಂಗ್ ವೈರನ್ನೇ ಬಳಸಿ ಅನ್ನುವ ಬುದ್ಧಿವಂತ ಸಿಕ್ಕರೆ ಕಾಫಿ ಕೊಟ್ಟು ಕಳಿಸಿಬಿಡಿ. ಅದು ಜೀವ ತೆಗೆಯುತ್ತದೆ.

ಅಕ್ಕಪಕ್ಕದ ಮನೆಗಳಲ್ಲೂ 150 ಇದ್ದರೆ ಅದು ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಮೇಲಿನ ಲೋಡು. 216ರಿಂದ 244 ವೋಲ್ಟಿನೊಳಗೆ ಕೊಡಬೇಕಾದ್ದು ವಿದ್ಯುತ್ ಕಂಪನಿಯವರ ಕೆಲಸ. ಅವರ ಸಹಾಯವಾಣಿ 1912ಕ್ಕೆ ದೂರು ಕೊಡಿ, ಬೀದಿಯವರೆಲ್ಲ ಸಹಿ ಹಾಕಿ ಅರ್ಜಿಯನ್ನೂ ಕೊಡಿ. ಅಲ್ಲಿಯವರೆಗೆ ಫ್ರಿಜ್ಜಿಗೆ ಮಾತ್ರ ಹೈ ಕಟ್ (ವೋಲ್ಟೇಜ್ ಮಿತಿ ಮೀರಿದರೆ ತಾನೇ ಕರೆಂಟ್ ಕಡಿಯುವುದು) ಇರುವ ಆಟೋಮ್ಯಾಟಿಕ್ ಸ್ಟೆಬಿಲೈಸರ್ ಸಾಕು. ಬಲ್ಬಿಗೆ ಸುಮ್ನೆ ದುಡ್ಡು ಸುರಿಯಬೇಡಿ, 100 ವೋಲ್ಟಿಗೂ ಉರಿಯುವ ಎಲ್‌ಇಡಿ ಸಿಗುತ್ತವೆ, ಡಬ್ಬಿಯ ಮೇಲೆ ಬರೆದಿರುತ್ತದೆ.

ಇಸ್ತ್ರಿಪೆಟ್ಟಿಗೆ ಹಾಕಿದಾಗ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ನೋಡೋಣ.