ಪರಿಹಾರದ ಪಟ್ಟಿಯನ್ನು ನಾನು ಬೇಗ ಮುಚ್ಚಿಬಿಟ್ಟೆ

ನೀವು ಈಗ ಕೂತಿರುವ ಜಾಗದಲ್ಲಿ ನಾನೂ ಒಮ್ಮೆ ಕೂತಿದ್ದೆ. ಬಾಂಬ್ ದಾಳಿಗೆ ಸಿಕ್ಕವರಿಗೆ ಸರ್ಕಾರ ಕೊಟ್ಟ ಹಣ, ಅದನ್ನು ಹಂಚುವ ಸಮಿತಿ, ಎದುರಿಗೆ ಹೆಸರುಗಳ ರಾಶಿ. ಸತ್ತವರ ವಯಸ್ಸು, ಸಂಪಾದನೆ ನೋಡಿ ಹಂಚಲು ನ್ಯಾಯವಾದ ಸೂತ್ರ ಯಾವುದು ಅಂತ ಕೇಳಿದ್ದೀರಿ. ಅಂಥ ಸೂತ್ರಕ್ಕಾಗಿ ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ. ಕೊನೆಗೆ ನಾನು ಎಡವಿದ್ದು ಸೂತ್ರದಲ್ಲಲ್ಲ, ಪಟ್ಟಿಯಲ್ಲಿ.

ಗಾಯಾಳು ಅಂದರೆ ಯಾರು? ಆಸ್ಪತ್ರೆಯ ಒಳರೋಗಿಗಳ ರಿಜಿಸ್ಟರಿನಲ್ಲಿ ಹೆಸರಿದ್ದವರು ಅಂತ ನಾನು ಬರೆದೆ. ಯಾಕೆ ಹಾಗೆ ಬರೆದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮಗೂ ಅದೇ ಸರಿ ಅನ್ನಿಸುತ್ತದೆ. ಸುಳ್ಳು ಅರ್ಜಿಗಳ ಭಯವಿತ್ತು. ರಿಜಿಸ್ಟರ್ ಅಂದರೆ ದಾಖಲೆ, ತಾರೀಖು, ವೈದ್ಯರ ಸಹಿ. ಲೆಕ್ಕ ಪರಿಶೋಧಕರು ಬಂದರೆ ತೋರಿಸಬಹುದು. ಎಲ್ಲರಿಗೂ ಒಂದೇ ಗೆರೆ ಎಳೆದರೆ ಅದೇ ನ್ಯಾಯ ಅಂದುಕೊಂಡೆ. ಆದರೆ ಸ್ಫೋಟ ಆದಾಗ ಆಂಬುಲೆನ್ಸ್ ಮೊದಲು ಎತ್ತುವುದು ರಕ್ತ ಸುರಿಯುತ್ತಿರುವವರನ್ನು. ಕಾಲಮೇಲೆ ನಿಂತವರು ನಡೆದು ಮನೆಗೆ ಹೋಗುತ್ತಾರೆ. ಸ್ಫೋಟದ ಒತ್ತಡಕ್ಕೆ ಮೈಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಹರಿಯುವುದು ಕಿವಿಯ ತಮಟೆ. ಅದು ಹೊರಗಿನಿಂದ ಕಾಣುವುದಿಲ್ಲ. ಒಳಕಿವಿಯಲ್ಲಿ ಸದ್ದು ಹಿಡಿಯುವ ಕೋಶ ಸತ್ತರೆ ಮತ್ತೆ ಹುಟ್ಟುವುದೂ ಇಲ್ಲ. ಇದ್ಯಾವುದೂ ನನಗೆ ಆಗ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಗೆರೆ ತಪ್ಪಾಗಿದ್ದರೂ ತಿದ್ದಬಹುದಿತ್ತು. ನಾನು ಹಣವನ್ನೂ ಪೂರ್ತಿ ಹಂಚಿಬಿಟ್ಟೆ. ಬೇಗ ಕೊಟ್ಟರೆ ಒಳ್ಳೆಯದು, ಸರ್ಕಾರದ ದುಡ್ಡು ನಮ್ಮ ಹತ್ತಿರ ಯಾಕಿರಬೇಕು ಅಂತ.

ನಾಲ್ಕನೆಯ ತಿಂಗಳಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಆ ದಿನ ಇಬ್ಬರು ಗಾಯಾಳುಗಳನ್ನು ವಾಹನಕ್ಕೆ ಹತ್ತಿಸಿದ್ದವಳು. ಕಿವಿ ಗುಂಯ್‌ಗುಡುತ್ತಿತ್ತಂತೆ, ಎರಡು ದಿನದಲ್ಲಿ ಹೋಗುತ್ತದೆ ಅಂದುಕೊಂಡಳಂತೆ. ನಾನು ಮಾತಾಡುವಾಗ ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಕೆಲಸ ಹೋಗಿತ್ತು. "ಪಟ್ಟಿ ಮುಚ್ಚಿದೆ" ಅಂದೆ. ಕೇಳಿಸಲಿಲ್ಲ. ಕಾಗದದ ಮೇಲೆ ಬರೆದು ತೋರಿಸಿದೆ.

ಈ ತಪ್ಪನ್ನು ನನಗಿಂತ ತುಂಬಾ ದೊಡ್ಡವರೂ ಮಾಡಿದ್ದಾರೆ. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ಹನ್ನೊಂದೇ ದಿನಕ್ಕೆ ಅಮೆರಿಕ ಪರಿಹಾರ ನಿಧಿಯ ಕಾನೂನು ಮಾಡಿತು. 2003ರ ಡಿಸೆಂಬರಿಗೆ ಅರ್ಜಿಯ ಬಾಗಿಲು ಮುಚ್ಚಿತು. ಕಟ್ಟಡಗಳು ಕುಸಿದಾಗ ಎದ್ದ ಧೂಳು ಕುಡಿದ ಎಷ್ಟೋ ರಕ್ಷಣಾ ಕಾರ್ಯಕರ್ತರಿಗೆ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಕಾಣಿಸಿಕೊಂಡಿದ್ದು ಆಮೇಲೆ. 2011ರಲ್ಲಿ ಇನ್ನೊಂದು ಕಾನೂನು ತಂದು ನಿಧಿಯನ್ನು ಮತ್ತೆ ತೆರೆದರು. 2019ರಲ್ಲಿ ಅವಧಿಯನ್ನು 2090ರವರೆಗೆ ಚಾಚಿದರು.

ನೀವು ಕೇಳಿದ ಸಂಪಾದನೆಯ ಸೂತ್ರವನ್ನೂ ಅಲ್ಲಿ ಪ್ರಯೋಗಿಸಿ ನೋಡಿದ್ದಾರೆ. ಸತ್ತ ಪ್ರತಿಯೊಬ್ಬರ ಲೆಕ್ಕದಲ್ಲೂ ನೋವಿಗೆ ಅಂತ ಎರಡೂವರೆ ಲಕ್ಷ ಡಾಲರ್, ಸಂಗಾತಿಗೂ ಪ್ರತಿ ಅವಲಂಬಿತರಿಗೂ ಒಂದೊಂದು ಲಕ್ಷ; ಅದರ ಮೇಲೆ ಸತ್ತವರು ಮುಂದೆ ದುಡಿಯಬಹುದಾಗಿದ್ದ ಮೊತ್ತ. ಹೀಗಾಗಿ ದೊಡ್ಡ ಸಂಬಳದವರ ಮನೆಗೆ ದೊಡ್ಡ ಮೊತ್ತ ಹೋಯಿತು. ಆ ನಿಧಿ ನಡೆಸಿದ ಕೆನೆತ್ ಫೈನ್‌ಬರ್ಗ್ ಅವರೇ ಆಮೇಲೆ, ಎಲ್ಲ ಜೀವಕ್ಕೂ ಒಂದೇ ಮೊತ್ತ ಕೊಡಬೇಕು ಅನ್ನುವ ನಿಲುವಿಗೆ ಬಂದರು. ನನ್ನದೂ ಅದೇ. ಸಂಬಳದ ಚೀಟಿ ಕೇಳಬೇಡಿ. ಮಗನನ್ನು ಕಳೆದುಕೊಂಡ ತಾಯಿಗೆ ಪಕ್ಕದವಳ ಮಗನ ಬೆಲೆ ಹೆಚ್ಚು ಅಂತ ತಿಳಿಸುವ ಕೆಲಸ ಯಾವ ಸಮಿತಿಗೂ ಬೇಡ. ಸಾವಿಗೆ ಸಮಾನ ಮೊತ್ತ ಇಟ್ಟು, ಹೆಂಡತಿ, ಮಕ್ಕಳು, ತಂದೆತಾಯಿಗೆ ಪಾಲು ಬೇರೆ ಬೇರೆ ಖಾತೆಗೆ ಹಾಕಿ. ಒಬ್ಬರ ಕೈಗೆ ಕೊಟ್ಟರೆ ಉಳಿದವರು ಅವರೆದುರು ಕೈಯೊಡ್ಡಬೇಕಾಗುತ್ತದೆ.

ಗಾಯಾಳುಗಳ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ಮೊದಲ ಕಂತು ಬೇಗ ಕೊಡಿ, ಒಂದು ಪಾಲನ್ನು ವರ್ಷಗಟ್ಟಲೆ ಹಾಗೇ ಇಡಿ. ಸುಳ್ಳು ಅರ್ಜಿ ಬಂದರೆ ಬರಲಿ, ತಪಾಸಣೆಗೆ ಸಮಿತಿಯಿಂದ ಹೊರಗಿನ ವೈದ್ಯರಿದ್ದಾರೆ.

ನಿಮ್ಮ ಪಟ್ಟಿಗೆ ಇನ್ನೂ ಸಹಿ ಬಿದ್ದಿಲ್ಲ ಅಂದಿದ್ದೀರಿ. ಸಹಿ ಹಾಕುವ ಮೊದಲು ಹೊರರೋಗಿ ವಿಭಾಗದ ಚೀಟಿಗಳನ್ನೂ ತರಿಸಿ. ಗಾಯಾಳುಗಳನ್ನು ಎತ್ತಿ ವಾಹನಕ್ಕೆ ಹಾಕಿದವರು ಯಾರು ಅಂತ ವಿಚಾರಿಸಿ, ಅವರ ಮನೆಗೆ ನೀವೇ ಹೋಗಿ.