ಸ್ಟ್ರೀಮ್‌ಲಿಟ್ ಡ್ಯಾಶ್‌ಬೋರ್ಡ್ ನಿಧಾನವಾದರೆ ಡ್ಯಾಶ್‌ಗೆ ಹೋಗಬೇಕಾ?

ಜಿಲ್ಲಾವಾರು ಮಳೆಯ ದೊಡ್ಡ ಸಿಎಸ್‌ವಿ ಫೈಲ್ ಇದೆ, ಡ್ರಾಪ್‌ಡೌನ್‌ನಲ್ಲಿ ಜಿಲ್ಲೆ ಬದಲಿಸಿದಾಗಲೆಲ್ಲ ಸ್ಟ್ರೀಮ್‌ಲಿಟ್ (ಪೈಥಾನ್ ಕೋಡ್‌ನಿಂದ ವೆಬ್ ಪುಟ ಮಾಡುವ ಸಾಧನ) ಡ್ಯಾಶ್‌ಬೋರ್ಡ್ ತಡವರಿಸುತ್ತದೆ, ಅದೇ ಥರದ ಇನ್ನೊಂದು ಸಾಧನವಾದ ಡ್ಯಾಶ್‌ಗೆ ಹೋಗಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎಲ್ಲಿಗೂ ಹೋಗಬೇಡಿ.

ಸ್ಟ್ರೀಮ್‌ಲಿಟ್‌ನ ರೀತಿಯೇ ಹಾಗೆ. ಡ್ರಾಪ್‌ಡೌನ್ ಬದಲಿಸಿದರೂ ಸ್ಲೈಡರ್ ಎಳೆದರೂ ಇಡೀ ಸ್ಕ್ರಿಪ್ಟ್ ಮೊದಲ ಸಾಲಿನಿಂದ ಮತ್ತೆ ಓಡುತ್ತದೆ. ಅಂದರೆ ಪಾಂಡಾಸ್ (ಪೈಥಾನ್‌ನಲ್ಲಿ ಕೋಷ್ಟಕದ ಡೇಟಾ ಓದುವ ಲೈಬ್ರರಿ) ಪ್ರತಿ ಸಲವೂ ಆ ಫೈಲನ್ನು ಹೊಸದಾಗಿ ಓದುತ್ತಿದೆ, ಸುಮ್ನೆ. ಫೈಲ್ ಓದುವ ಸಾಲುಗಳನ್ನು ಒಂದು ಫಂಕ್ಷನ್‌ನಲ್ಲಿಟ್ಟು, ಅದರ ಮೇಲಿನ ಸಾಲಿನಲ್ಲಿ ‘ಕ್ಯಾಶ್ ಡೇಟಾ’ ಡೆಕೊರೇಟರ್ (@st.cache_data ಎಂಬ ಗುರುತು) ಹಾಕಿ. ಒಮ್ಮೆ ಓದಿದ್ದು ಮೆಮೊರಿಯಲ್ಲೇ ಇರುತ್ತದೆ. ಫೈಲ್ ಆಗಾಗ ಬದಲಾಗುವುದಾದರೆ ಅದೇ ಡೆಕೊರೇಟರ್‌ಗೆ ಟಿಟಿಎಲ್ (ನೆನಪಿಟ್ಟುಕೊಳ್ಳುವ ಅವಧಿ, ಸೆಕೆಂಡುಗಳಲ್ಲಿ) 3600 ಅಂತ ಕೊಡಿ. ಒಂದು ಗಂಟೆ ಕಳೆದ ಮೇಲೆ ಯಾರಾದರೂ ತೆರೆದರೆ ಮತ್ತೆ ಓದುತ್ತದೆ. ನಿಮ್ಮ ತೊಂದರೆ ಬಹುಪಾಲು ಇಷ್ಟರಲ್ಲೇ ಮುಗಿಯಬೇಕು.

ಡ್ಯಾಶ್‌ನಲ್ಲಿ ಹಾಗಲ್ಲ. ಯಾವುದು ಬದಲಾದರೆ ಯಾವ ಫಂಕ್ಷನ್ ಓಡಬೇಕು ಅಂತ ಕಾಲ್‌ಬ್ಯಾಕ್ ಎಂಬ ಕೋಡ್ ತುಣುಕಿನಲ್ಲಿ ನೀವೇ ಬರೆಯುತ್ತೀರಿ, ಅಷ್ಟೇ ಓಡುತ್ತದೆ. ಕೋಡ್ ಜಾಸ್ತಿ. ನಕ್ಷೆಯಲ್ಲಿ ಕ್ಲಿಕ್ ಮಾಡಿದರೆ ಪಕ್ಕದ ನಾಲ್ಕು ಚಾರ್ಟ್ ಬದಲಾಗಬೇಕು ಎನ್ನುವಂಥ ಕೆಲಸಕ್ಕೆ ಆ ಶ್ರಮ ಸಾರ್ಥಕ.

ಇನ್ನೊಂದು ಮಾತು: ಚಾರ್ಟ್‌ಗೆ ಪ್ಲಾಟ್ಲಿ ಎಂಬ ಲೈಬ್ರರಿ ಬಳಸಿ. ಅದರ ಅಕ್ಷರಗಳನ್ನು ಬ್ರೌಸರ್ ಬರೆಯುವುದರಿಂದ ‘ಚಿಕ್ಕಬಳ್ಳಾಪುರ’ದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಚಾರ್ಟ್ ಬಿಡಿಸುವ ಇನ್ನೊಂದು ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನ ಹಳೆಯ ಆವೃತ್ತಿಗಳಲ್ಲಿ ಅದು ಒಡೆದುಹೋಗುತ್ತದೆ.