ಟೊರಾಂಟೊದಿಂದ ಬರುವ ತಮ್ಮನ ಕೈಲಿ ಯಾವ ಚಿನ್ನದ ನಾಣ್ಯ ತರಿಸಲಿ? ಬೆಂಗಳೂರಿನಲ್ಲೇ ಕೊಂಡರೆ ಆಗದೆ?

ತಮ್ಮನಿಂದಲೇ ತರಿಸುವುದಾದರೆ ಕೆನಡಾದ ಮೇಪಲ್ ಲೀಫ್ ನಾಣ್ಯ ತರಿಸಿ. ನೀವು ಹೆಸರು ಕೇಳಿರಬಹುದಾದ ದಕ್ಷಿಣ ಆಫ್ರಿಕಾದ ಕ್ರೂಗರ್‌ರಾಂಡ್ ಕೆಟ್ಟ ನಾಣ್ಯವೇನಲ್ಲ, ಆದರೆ ಅದನ್ನು ಕೆನಡಾದಲ್ಲಿ ಕೊಂಡರೆ ತೆರಿಗೆಯಲ್ಲೇ ಸೋಲುತ್ತೀರಿ. ಅಲ್ಲಿ 99.5% ಮತ್ತು ಅದಕ್ಕಿಂತ ಶುದ್ಧವಾದ ಹೂಡಿಕೆಯ ಚಿನ್ನಕ್ಕೆ ಮಾರಾಟ ತೆರಿಗೆ ಇಲ್ಲ. ಕ್ರೂಗರ್‌ರಾಂಡ್ ಮತ್ತು ಅಮೆರಿಕನ್ ಈಗಲ್ ಎರಡೂ 22 ಕ್ಯಾರಟ್, ಅಂದರೆ 91.6%ರಷ್ಟೇ ಶುದ್ಧ, ಆ ಗೆರೆ ದಾಟುವುದಿಲ್ಲ. ಟೊರಾಂಟೊ ಇರುವ ಒಂಟಾರಿಯೊದಲ್ಲಿ ಆ ತೆರಿಗೆ 13%.

ಬೆಂಗಳೂರಿನಲ್ಲೇ ಕೊಂಡು ಇಲ್ಲೇ ಮಾರುವವರಾದರೆ ವಿದೇಶಿ ನಾಣ್ಯದ ಗೊಡವೆಯೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ತೂಕದ ವಿಷಯ. ಚಿನ್ನದ ಔನ್ಸ್ ಅಂದರೆ ಟ್ರಾಯ್ ಔನ್ಸ್, 31.1035 ಗ್ರಾಂ. ಅಡುಗೆ ಪುಸ್ತಕದ 28.35 ಗ್ರಾಂ ಔನ್ಸ್ ಅಲ್ಲ. 1967ರಲ್ಲಿ ಶುರುವಾದ ಕ್ರೂಗರ್‌ರಾಂಡ್ ತಕ್ಕಡಿಯಲ್ಲಿ 33.93 ಗ್ರಾಂ ತೂಗುತ್ತದೆ, 1979ರಿಂದ ಬರುತ್ತಿರುವ ಮೇಪಲ್ ಲೀಫ್ 31.1 ಗ್ರಾಂ. ಹೆಚ್ಚು ತೂಗುವುದರಲ್ಲಿ ಹೆಚ್ಚು ಚಿನ್ನವಿದೆ ಅಂದುಕೊಳ್ಳಬೇಡಿ. ಮೇಲಿನ ಸುಮಾರು 2.8 ಗ್ರಾಂ ತಾಮ್ರ ಅಷ್ಟೇ, ಅಪರಂಜಿ ಎರಡರಲ್ಲೂ ಒಂದೇ. 1986ರ ಅಮೆರಿಕನ್ ಈಗಲ್ ಕೂಡ 33.93 ಗ್ರಾಮೇ, ಅದರಲ್ಲಿ ತಾಮ್ರದ ಜೊತೆ 3% ಬೆಳ್ಳಿ ಇರುವುದರಿಂದ ಬಣ್ಣ ಕ್ರೂಗರ್‌ರಾಂಡ್‌ನಷ್ಟು ಕೆಂಪಲ್ಲ. ಅಮೆರಿಕದ್ದೇ 24 ಕ್ಯಾರಟ್ ಬೇಕಿದ್ದರೆ 2006ರಿಂದ ಬರುವ ಬಫಲೋ ಇದೆ. ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್ (1989) ಕೂಡ 999.9, ಅಂದರೆ ಸಾವಿರ ಪಾಲಿನಲ್ಲಿ 999.9 ಪಾಲು ಚಿನ್ನ. ಆದರೆ ಅದು 37 ಮಿ.ಮೀ. ಅಗಲ, ಬರೀ 2 ಮಿ.ಮೀ. ದಪ್ಪ. ಮೇಪಲ್ 30 ಮಿ.ಮೀ. ಅಗಲ, ಸುಮಾರು 2.9 ದಪ್ಪ. ಹಾಗಾಗಿ ಒಂದರ ಕ್ಯಾಪ್ಸೂಲ್ (ನಾಣ್ಯ ಇಡುವ ಪ್ಲಾಸ್ಟಿಕ್ ಡಬ್ಬಿ) ಇನ್ನೊಂದಕ್ಕೆ ಹಿಡಿಸುವುದಿಲ್ಲ.

ಜನ ಎಡವುವುದು ಇಸವಿ ನೋಡದೆ ಕೊಳ್ಳುವಾಗ. ಬ್ರಿಟನ್ನಿನ ಬ್ರಿಟಾನಿಯಾ ನಾಣ್ಯ 2012ರವರೆಗೆ 22 ಕ್ಯಾರಟ್, 2013ರಿಂದ 999.9. ಚೀನಾದ ಪಾಂಡಾ 2015ರವರೆಗೆ ಒಂದು ಔನ್ಸ್, 2016ರಿಂದ 30 ಗ್ರಾಂ. ಔನ್ಸಿನ ದುಡ್ಡು ಕೊಟ್ಟು ಹೊಸ ಪಾಂಡಾ ತಂದರೆ 1.1 ಗ್ರಾಂ ಹೋಯಿತು. 1982ಕ್ಕೂ ಹಿಂದಿನ ಮೇಪಲ್‌ನಲ್ಲಿ ಮೂರೇ ಒಂಬತ್ತು, 999. ಅದರಿಂದ ನಷ್ಟವೇನಿಲ್ಲ, ಗೊತ್ತಿದ್ದರೆ ಸಾಕು.

ಇನ್ನು ಸವರನ್. ನಮ್ಮಲ್ಲಿ ಸವರನ್ ಅಂದರೆ 8 ಗ್ರಾಂ ಅಂತಲೇ ಲೆಕ್ಕ. ಬ್ರಿಟಿಷ್ ನಾಣ್ಯದ ನಿಜವಾದ ತೂಕ 7.988 ಗ್ರಾಂ, 22 ಕ್ಯಾರಟ್, ಒಳಗಿರುವ ಶುದ್ಧ ಚಿನ್ನ 7.32 ಗ್ರಾಂ. ಅಜ್ಜಿಯ ಪೆಟ್ಟಿಗೆಯಲ್ಲಿ 1918ರದ್ದು ಸಿಕ್ಕರೆ ಭೂತಗನ್ನಡಿ ಹಿಡಿದು ಅದರ ಹಿಂಬದಿಯಲ್ಲಿರುವ ಕುದುರೆಯ ಕಾಲ ಕೆಳಗಿನ ನೆಲದ ಪಟ್ಟಿ ನೋಡಿ. ಇಸವಿಯ ಮೇಲೆ, ನಡುವಿನಲ್ಲಿ, ಸಣ್ಣ ‘ಐ’ (I) ಅಕ್ಷರ ಇದ್ದರೆ ಅದು ಮುಂಬಯಿ ಟಂಕಸಾಲೆಯದ್ದು. ಅಲ್ಲಿ ಆ ಒಂದೇ ವರ್ಷದ ಇಸವಿಯಲ್ಲಿ ಬ್ರಿಟಿಷ್ ಕಾಲದ ಸವರನ್ ಅಚ್ಚಾಗಿದ್ದು. ಅಂಥದ್ದನ್ನು ಕರಗಿಸಲು ಕೊಡುವ ಮುನ್ನ ನಾಣ್ಯ ಸಂಗ್ರಹಕಾರರಿಗೆ ತೋರಿಸಿ. ಕಾಸಿನ ಸರಕ್ಕೆ ಕೊಂಡಿ ಬೆಸೆದ ಸವರನ್‌ಗೆ ಮಾತ್ರ ಈ ಮಾತು ಅನ್ವಯಿಸದು. ಬೆಸುಗೆ ಬಿದ್ದ ಮೇಲೆ ಅದು ನಾಣ್ಯವಲ್ಲ, ಚಿನ್ನ.

ಈಗ ಲೆಕ್ಕ. ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ ಅಂತಿಟ್ಟುಕೊಳ್ಳಿ (ಇವತ್ತಿನ ದರ ಅಲ್ಲ). ಒಂದು ಔನ್ಸಿನ ಲೋಹದ ಬೆಲೆ 3,11,035. ಬೆಂಗಳೂರಿನ ಅಂಗಡಿಯವರು ವಿದೇಶಿ ನಾಣ್ಯವೆಂದು 5% ಮೇಲೆ ಹಾಕಿದರೆ 3,26,587. ಅದರ ಮೇಲೆ 3% ಜಿಎಸ್‌ಟಿ ಸೇರಿ ಸುಮಾರು 3,36,385. ಅದೇ ನಾಣ್ಯವನ್ನು ಮರುದಿನ ಅವೆನ್ಯೂ ರಸ್ತೆಗೋ ನಗರ್ತಪೇಟೆಗೋ ಒಯ್ದರೆ ಶೇಠ್‌ಜಿ ಮೇಪಲ್ ಎಲೆಯ ಅಂದ ನೋಡುವುದಿಲ್ಲ. ಎಕ್ಸ್‌-ಕಿರಣದಿಂದ ಶುದ್ಧತೆ ಓದುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿಟ್ಟು, ತೂಗಿ, ನೂರಕ್ಕೆ ಎರಡು ಮುರಿದುಕೊಂಡರೆ ಕೈಗೆ 3,04,814. ಕೊಟ್ಟ ಜಿಎಸ್‌ಟಿ ವಾಪಸ್ ಬರುವುದಿಲ್ಲ. ಅಸಲು ಹುಟ್ಟಬೇಕಾದರೇ ಚಿನ್ನ 10.4% ಏರಬೇಕು. ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಆ ನಾಣ್ಯದ ಹೆಸರಿಗೆ ಮಾರುವಾಗಲೂ ಬೆಲೆ ಇದೆ, ಚಿಕ್ಕಪೇಟೆಯ ಸುತ್ತಮುತ್ತ ಇಲ್ಲ. ಹತ್ತನೇ ಒಂದು ಔನ್ಸಿನ ಪುಟ್ಟ ನಾಣ್ಯಗಳಂತೂ ಇನ್ನೂ ದುಬಾರಿ. ಅಚ್ಚು ಹಾಕುವ ಖರ್ಚು 3.11 ಗ್ರಾಂ ಮೇಲೆಯೇ ಬೀಳುತ್ತದೆ.

ಕ್ರೂಗರ್‌ರಾಂಡ್ ಅಥವಾ ಈಗಲ್ ಮಾರಲು ಹೋದರೆ ಒಂದು ಎಚ್ಚರ. ಯಂತ್ರ 91.6 ಅಂತ ತೋರಿಸುತ್ತದೆ, ಆಗ 33.93 ಗ್ರಾಂಗೆ 22 ಕ್ಯಾರಟ್ ದರ ಸಿಗಬೇಕು. ಕೆಲವರು ‘ಒಂದು ಔನ್ಸ್ ತಾನೇ’ ಅಂತ 31.1 ಗ್ರಾಂ ಬರೆದುಕೊಂಡು, ದರ ಮಾತ್ರ 22 ಕ್ಯಾರಟ್‌ದು ಹಾಕುತ್ತಾರೆ. ಅಂದರೆ ತಾಮ್ರವನ್ನು ಎರಡು ಸಲ ಕಳೆದಂತಾಯಿತು. ಒಂದೋ 33.93ಕ್ಕೆ 22ರ ದರ, ಇಲ್ಲ 31.1ಕ್ಕೆ 24ರ ದರ.

ತರಿಸುವುದೇ ಆದರೆ ಕಸ್ಟಮ್ಸ್. ಹೊರಗಿದ್ದು ಬರುವವರಿಗೆ ಸುಂಕವಿಲ್ಲದೆ ಇಷ್ಟು ಗ್ರಾಂ ಅನ್ನುವ ರಿಯಾಯಿತಿ ಒಡವೆಗೆ ಮಾತ್ರ, ನಾಣ್ಯಕ್ಕೆ ಒಂದು ಗ್ರಾಮೂ ಇಲ್ಲ. ತಮ್ಮ ಭಾರತೀಯ ಮೂಲದವನಾಗಿದ್ದು, ಕನಿಷ್ಠ 6 ತಿಂಗಳು ಹೊರಗಿದ್ದು ಬರುತ್ತಿದ್ದರೆ 1 ಕೆ.ಜಿ.ವರೆಗೆ ಕಡಿಮೆ ದರದ ಸುಂಕ ಕಟ್ಟಿ ತರಬಹುದು. 6 ತಿಂಗಳಾಗಿಲ್ಲದವರಿಗೆ ಸುಂಕ ಹಲವು ಪಟ್ಟು. 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ 15%ರಿಂದ 6%ಕ್ಕೆ ಇಳಿಯಿತು. ಇದು ಆಗಾಗ ಬದಲಾಗುವ ಸಂಗತಿ, ಟಿಕೆಟ್ ಮಾಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅವನು ಸುಂಕದ ಸಾಮಾನು ಇದೆಯೆಂದು ಹೇಳಿಕೊಳ್ಳುವ ಕೆಂಪು ಚಾನೆಲ್‌ಗೇ ಹೋಗಬೇಕು, ಅಂಗಡಿಯ ಬಿಲ್ಲು ಕೈಯಲ್ಲಿರಬೇಕು. ನಾಣ್ಯದ ಮೇಲೆ 50 ಡಾಲರ್ ಅಂತ ಅಚ್ಚಾಗಿದೆ ಎಂದು ಯಾರೂ ಅದನ್ನು 50 ಡಾಲರ್ ಅಂತ ಎಣಿಸುವುದಿಲ್ಲ. ಸುಂಕ ಕಟ್ಟಿದ ರಸೀದಿಯನ್ನು ನಾಣ್ಯದಷ್ಟೇ ಜೋಪಾನ ಮಾಡಿ. ಕೊರಿಯರ್‌ನಲ್ಲಿ ತರಿಸುವ ಯೋಚನೆ ಬಿಡಿ. ಚಿನ್ನದ ಆಮದು ಗೊತ್ತುಪಡಿಸಿದ ಏಜೆನ್ಸಿಗಳಿಗೆ ಸೀಮಿತ, ಪಾರ್ಸೆಲ್ ಕಸ್ಟಮ್ಸ್‌ನಲ್ಲೇ ಕೂರುತ್ತದೆ.

ಅಸಲಿಯೋ ನಕಲಿಯೋ ಎಂದು ಮನೆಯಲ್ಲೇ ನೋಡಬಹುದು. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ ಆದರೆ ತಳ, ಗೋಡೆ ತಾಗದಂತೆ ಇಳಿಬಿಡಿ. ತಕ್ಕಡಿಯಲ್ಲಿ ಮೇಪಲ್‌ಗೆ 1.61 ಗ್ರಾಂ ಆಸುಪಾಸು ಬರಬೇಕು, ಕ್ರೂಗರ್‌ರಾಂಡ್‌ಗೆ 1.94ರ ಹತ್ತಿರ. ನಾಣ್ಯಕ್ಕೆ ಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಮೆಲ್ಲಗೆ ಅಲ್ಲಾಡಿಸಿ. ಸೀಸ, ಹಿತ್ತಾಳೆಯ ನಕಲುಗಳೆಲ್ಲ ಇಲ್ಲೇ ಸಿಕ್ಕಿಬೀಳುತ್ತವೆ. ಟಂಗ್‌ಸ್ಟನ್ ಮಾತ್ರ ಪಾರಾಗುತ್ತದೆ, ಯಾಕೆಂದರೆ ಅದರ ಸಾಂದ್ರತೆ 19.25, ಚಿನ್ನದ್ದು 19.3. ಎಕ್ಸ್‌ಆರ್‌ಎಫ್ ಕೂಡ ಮೇಲ್ಪದರವನ್ನಷ್ಟೇ ಓದುತ್ತದೆ, ಒಳಗಿನ ತಿರುಳನ್ನಲ್ಲ. ಅನುಮಾನವಿದ್ದರೆ ಅಲ್ಟ್ರಾಸಾನಿಕ್ ಅಥವಾ ವಿದ್ಯುತ್ ವಾಹಕತೆ ಅಳೆಯುವ ಉಪಕರಣ ಇರುವ ಕಡೆ ತೋರಿಸಿ.

ದಯವಿಟ್ಟು ನಾಣ್ಯ ಉಜ್ಜಬೇಡಿ. ಅಂಟುವಾಳ, ಹುಣಸೆಹಣ್ಣು ಏನೂ ಬೇಡ. 24 ಕ್ಯಾರಟ್ ಮೆತ್ತಗಿರುತ್ತದೆ, ಬಟ್ಟೆಯ ಧೂಳಿಗೂ ಗೀರು ಬೀಳುತ್ತದೆ. ಅಂಚು ಹಿಡಿದೇ ಎತ್ತಿ.

ಇಲ್ಲೇ ಕೊಳ್ಳುವುದಾದರೆ 999 ಶುದ್ಧತೆಯ, ಸೀಲ್ ಆದ 10 ಗ್ರಾಂ ನಾಣ್ಯ ಸಾಕು. ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿ ಇರುವ ಇಂಡಿಯನ್ ಗೋಲ್ಡ್ ಕಾಯಿನ್ 2015ರಲ್ಲಿ ಬಂತು. ಖಾಸಗಿ ರಿಫೈನರಿಗಳ ನಾಣ್ಯವೂ ಆಗುತ್ತದೆ. ಸೀಲ್ ಒಡೆಯಬೇಡಿ, ಒಡೆದರೆ ಕೊಳ್ಳುವವರು ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಬ್ಯಾಂಕಿನಲ್ಲಿ ಕೊಂಡದ್ದನ್ನು ಬ್ಯಾಂಕ್ ವಾಪಸ್ ಕೊಳ್ಳುವುದಿಲ್ಲ, ಅವರಿಗೆ ಅನುಮತಿ ಇಲ್ಲ. ಹಾಗಾಗಿ ಯಾರು ಮರಳಿ ಕೊಳ್ಳುತ್ತಾರೆ, ಎಷ್ಟು ಮುರಿಯುತ್ತಾರೆ ಅನ್ನುವುದನ್ನು ಕೊಳ್ಳುವ ದಿನವೇ ಕೇಳಿ ಬಿಲ್ಲಿನಲ್ಲಿ ಬರೆಸಿ.

2 ಲಕ್ಷ ದಾಟಿದರೆ ಪ್ಯಾನ್ ಬೇಕು. 24 ತಿಂಗಳಿಗೂ ಹೆಚ್ಚು ಇಟ್ಟು ಮಾರಿದರೆ ಲಾಭಕ್ಕೆ 12.5% ತೆರಿಗೆ, ಅದಕ್ಕೂ ಮುಂಚೆ ನಿಮ್ಮ ಸ್ಲ್ಯಾಬ್ ದರ. ತಮ್ಮ ಉಡುಗೊರೆಯಾಗಿ ಕೊಟ್ಟರೆ ಪಡೆಯುವಾಗ ನಿಮಗೆ ತೆರಿಗೆ ಇಲ್ಲ. ಆದರೆ ಮಾರುವಾಗ ಅವನು ಕೊಂಡ ಬೆಲೆ, ಅವನು ಕೊಂಡ ತಾರೀಖೇ ಲೆಕ್ಕಕ್ಕೆ ಬರುತ್ತದೆ, ಟೊರಾಂಟೊದ ಬಿಲ್ಲಿನ ಪ್ರತಿಯನ್ನೂ ಇಸಿದುಕೊಳ್ಳಿ.